ಒಂದು ಸೀರೆಗೆ ಒಂದೇ ಮಗು

ಮುರುಡೇಶ್ವರ
೧೪ ಡಿಸೆಂಬರ್ ೨೦೨೪

ಅಮ್ಮನಿಗೆ ಭಾನು ಮಾಡುವ ನಮಸ್ಕಾರ.

ರೇಷ್ಮೆ ಹುಳಗಳು ಪೊರೆ ಬಿಟ್ಟು ಎದ್ದವಾ, ಇನ್ನೂ ಜ್ವರದ ನಿದ್ದೆಯಲ್ಲೇ ಮಲಗಿವೆಯಾ? ಇಲ್ಲಿ ಹಿಪ್ಪುನೇರಳೆ ಸೊಪ್ಪಿನ ವಾಸನೆಯೇ ಇಲ್ಲ. ನಮ್ಮೂರು ಜಂಗಮಕೋಟೆ ನನಗೆ ಮೊದಲು ಮೂಗಿನಲ್ಲೇ ನೆನಪಾಗುತ್ತದೆ.

ಮೊನ್ನೆ ಫೋನಿನಲ್ಲಿ ನೀನು, ಸಮುದ್ರದಲ್ಲಿ ಮುಳುಗೋಳಿಗೆ ದಡದ ಮೇಲೆ ಯಾರಮ್ಮ ಕೂತಿರ್ತಾರೆ, ಸಾಕು ಬಂದುಬಿಡು ಅಂದೆ. ಅದಕ್ಕೆ ಉತ್ತರ ಈ ಕಾಗದದಲ್ಲಿ ಬರೆಯುತ್ತಿದ್ದೇನೆ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳ ಅಕ್ಷರ, ಸಹಿಸಿಕೊಂಡು ಓದು.

ದಡದಲ್ಲಿ ಯಾರೂ ಇಲ್ಲ. ನಮ್ಮ ಡೈವಿಂಗ್ ಅಂಗಡಿಯಿಂದ ಜೊತೆಯಲ್ಲಿ ಮುಳುಗುವವರಿರುತ್ತಾರೆ, ಕೈಯಲ್ಲಿ ದಪ್ಪ ವಾಚಿನಂಥ ಕಂಪ್ಯೂಟರ್ ಇರುತ್ತದೆ. ಎಷ್ಟು ಆಳದಲ್ಲಿದ್ದೇನೆ, ಇನ್ನೆಷ್ಟು ಹೊತ್ತು ಇರಬಹುದು ಅಂತ ತೋರಿಸುತ್ತದೆ. ಬೆನ್ನಿನ ಸಿಲಿಂಡರಿನಿಂದ ಆಳದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ಮೈಯಲ್ಲಿ ಕರಗುತ್ತದಂತೆ. ಸರ್ರನೆ ಮೇಲೆ ಬಂದರೆ ಗೋಲಿಸೋಡಾ ಒಡೆದ ಹಾಗೆ ಒಳಗೇ ಗುಳ್ಳೆಯೇಳುತ್ತದೆ. ಆತುರಪಟ್ಟರೆ ಕಂಪ್ಯೂಟರ್ ಕೀಕ್ ಕೀಕ್ ಅಂತ ಬೈಯುತ್ತದೆ. ಐದು ಮೀಟರಿಗೆ ಬಂದಾಗ ಮೂರು ನಿಮಿಷ ನಿಲ್ಲಿಸುತ್ತದೆ.

ನಾನು ನಿಲ್ಲುತ್ತೇನೆ ಅಮ್ಮ, ನೀನು ನೋಡಬೇಕು! ಆಗೆಲ್ಲ ನಾನು ಈಜು ಕಲಿತ ನಮ್ಮ ಬಾವಿ ಕಣ್ಣ ಮುಂದೆ ಬರುತ್ತದೆ. ನಿನ್ನ ಹಳೇ ಸೀರೆಯ ಒಂದು ತುದಿ ನನ್ನ ಸೊಂಟಕ್ಕೆ, ಇನ್ನೊಂದು ನಿನ್ನ ಕೈಗೆ. ನೀನು ಎರಡು ಸಲ ಜಗ್ಗಿದರೆ ಮೇಲೆ ಬಾ ಅಂತ. ಒಂದಿನ ಚಲಪತಿ ಮಾವ, ನಮ್ಮ ಹುಡುಗ ಜಗನ್‌ನೂ ಅದಕ್ಕೇ ಕಟ್ಟಕ್ಕಾ, ಸೀರೆ ಏನು ಸವೆದು ಹೋಗುತ್ತಾ ಅಂದ. ಒಂದು ಸೀರೆಗೆ ಒಂದೇ ಮಗು ಕಣಪ್ಪಾ, ಕೆಳಗೆ ಯಾರು ಒದ್ದಾಡ್ತಿದ್ದಾರೆ ಅಂತ ನನ್ನ ಕೈಗೆ ಗೊತ್ತಾಗಬೇಕು ಅಂದೆ ನೀನು. ಮಾವ ಯುಗಾದಿವರೆಗೂ ನಮ್ಮನೆ ಕಾಫಿ ಕುಡಿಯಲಿಲ್ಲ.

ನಿನ್ನೆ ಎರಡನೇ ಸಲ ಇಳಿಯುವ ಮೊದಲು ಒಬ್ಬ ಗಿರಾಕಿಯ ಕಂಪ್ಯೂಟರ್ ಕೆಟ್ಟಿತು. ನಿಂದು ಬಿಚ್ಚಿ ಅವರಿಗೆ ಕೊಡು, ನೀನು ದೋಣಿಯಲ್ಲಿರು ಅಂದರು ಮ್ಯಾನೇಜರ್. ನಾನು ಕೊಡಲಿಲ್ಲ. ಇದರಲ್ಲಿರೋದು ಬೆಳಿಗ್ಗೆ ನಾನು ಮುಳುಗಿದ ಲೆಕ್ಕ, ಅವರು ಬೇರೆ ಗುಂಪಿನಲ್ಲಿ ನನಗಿಂತ ಆಳ ಹೋಗಿದ್ದವರು, ಅವರ ಮೈಯಲ್ಲೆಷ್ಟು ಸಾರಜನಕ ಕರಗಿದೆ ಅಂತ ಇದಕ್ಕೆ ಗೊತ್ತಿಲ್ಲ, ಅವರು ಇವತ್ತು ಇಳಿಯಬಾರದು ಅಂತ ಎಲ್ಲರೆದುರೇ ಹೇಳಿದೆ. ಹೇಳುವಾಗ ನನ್ನ ದನಿ ನಿನ್ನದರ ಹಾಗೇ ಕೇಳಿಸಿತು.

ಗಿರಾಕಿ ನೀರಿಗಿಳಿಯದೆ ಮುಖ ಊದಿಸಿಕೊಂಡು ದಡಕ್ಕೆ ಬಂದರು. ಹುಷಾರಾಗಿದ್ದಾರೆ.

ಒಂದು ಕಡೆ ನಿಲ್ಲದ ನಿನ್ನ ಮಗಳು,
ಭಾನುಪ್ರಿಯಾ

ಮರೆತಿದ್ದೆ ಅಂತ ಬರೆದರೆ ಸುಳ್ಳಾಗುತ್ತದೆ. ಬೇಕೆಂದೇ ಮೇಲೆ ಬರೆಯಲಿಲ್ಲ. ಎದುರು ಮಾತಾಡಿದ್ದಕ್ಕೆ ಕೆಲಸ ಹೋಯಿತು. ಕಂಪ್ಯೂಟರ್ ಅಂಗಡಿಯದು, ಬಿಚ್ಚಿಕೊಟ್ಟು ಬಂದೆ. ಇನ್ನೊಂದು ಕಡೆ ಹೊಸ ವರ್ಷಕ್ಕೆ ನೋಡೋಣ ಅಂದಿದ್ದಾರೆ. ಅಲ್ಲಿವರೆಗೆ ಫೋನಿನಲ್ಲಿ ಬಾ ಅನ್ನಬೇಡ ಅಮ್ಮ. ಈಗ ನೀನು ಒಂದೇ ಸಲ ಜಗ್ಗಿದರೂ ಬಂದುಬಿಡುತ್ತೇನೆ.