ಮುಟ್ಟಬೇಡ, ನೋಡು

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಮ್ಮನಿಗೆ ನಿನ್ನ ಗುಬ್ಬಿಯ ಅಕ್ಕರೆಯ ನೆನಪುಗಳು.

ಪತ್ರ ತಲುಪಿತು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಬಿರುಕು ಬಿಟ್ಟಿದೆ, ಪಕ್ಕದ ಮನೆಯಾಕೆ ಬೆಳಿಗ್ಗೆ ಊಟ ಇಟ್ಟು ಹೋದರೆ ಮತ್ತೆ ಯಾರೂ ಇತ್ತ ತಲೆ ಹಾಕುವುದಿಲ್ಲ, ಒಂದೆರಡು ವಾರ ಬಂದಿರು ಎಂದು ಬರೆದಿದ್ದೀಯ. ಯಾರ ಮುಂದೆಯೂ ಕೈ ಚಾಚದ ನೀನೇ ಕೇಳಿದ್ದೀಯ ಎಂದಮೇಲೆ ನೋವು ಜೋರಾಗಿಯೇ ಇರಬೇಕು. ಆದರೆ ಬರಲಾಗದು ಅಮ್ಮ. ರಜೆ ಕೊಡುತ್ತಿಲ್ಲ.

ನೀನು ನಿವೃತ್ತಳಾಗಿ ಬಿಟ್ಟು ಹೋದ ಕುರ್ಚಿಯಲ್ಲಿ ಈಗ ನಾನು ಕೂರುತ್ತೇನೆ. ಬೆಟ್ಟದ ಬುಡದ ನಿನ್ನ ರಕ್ಷಿತಾರಣ್ಯ ಚೆನ್ನಾಗಿದೆ. ತೊರೆಯ ಪಕ್ಕದ ದೊಡ್ಡ ಮರ ಗಾಳಿಗೆ ಉರುಳಿದಾಗ, ದಾರಿಗೆ ಅಡ್ಡ ಆಯ್ತು, ಕಡಿಸಿಬಿಡೋಣ ಅಂತ ಹೊಸ ಕಾವಲುಗಾರ ಅಂದ. ಬಿದ್ದದ್ದು ಬಿದ್ದಲ್ಲೇ ಇರಬೇಕು ಎಂದು ಗದರಿದೆ. ಬಾಯಿ ನನ್ನದು, ದನಿ ನಿನ್ನದೇ. ಈಗ ಅದರ ಮೈತುಂಬ ಪಾಚಿ, ಜರೀಗಿಡ, ತೊಗಟೆಯಡಿ ಹಾವುರಾಣಿ. ಬಿಸಿಲು ಬಿದ್ದಲ್ಲಿ ಹುಲ್ಲು ಚಿಗುರಿದೆ, ಹುಲ್ಲಿಗೆ ಮೊಲ ಬಂದಿದೆ, ಮೊಲದ ಹಿಂದೆ ನರಿಯೂ ಬಂದಿದೆ.

ನರಿ ಎಂದೊಡನೆ ನನಗೆ ಆ ಜಿಂಕೆಮರಿ ನೆನಪಾಗುತ್ತದೆ. ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಪ್ರಾಣಿಗಳಿಗೆ ಕಾಣದಂತೆ ನಾವಿಬ್ಬರೂ ಸೊಪ್ಪಿನ ಮರೆಯಲ್ಲಿ ಕೂತಿದ್ದೆವು. ತೊರೆಯ ದಡದಲ್ಲಿ ಆ ಮರಿ ಕಾಲು ಮುರಿದುಕೊಂಡು ಬಿದ್ದಿತ್ತು. ಎಷ್ಟು ಮೂತಿ ಚಾಚಿದರೂ ಅದಕ್ಕೆ ನೀರು ಎಟುಕುತ್ತಿರಲಿಲ್ಲ. ನಾನು ಎದ್ದು ಓಡಹೊರಟೆ. ನೀನು ರಟ್ಟೆ ಹಿಡಿದು ಕೂರಿಸಿ, ಮುಟ್ಬೇಡ, ನೋಡು ಅಂದೆ. ಕಾಡಿನ ವ್ಯವಹಾರಕ್ಕೆ ನಾವು ಕೈ ಹಾಕಬಾರದು, ಇಲ್ಲಿ ನಮಗೆ ಕಣ್ಣು ಮಾತ್ರ ಅಂದೆ. ಮರಿ ಆಗಾಗ ತಲೆಯೆತ್ತಿ ನಮ್ಮತ್ತಲೇ ನೋಡುತ್ತಿತ್ತು. ಸಂಜೆ ನರಿಗಳು ಬಂದಾಗ ಅದಕ್ಕಿನ್ನೂ ಜೀವವಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ನೀನು ಗಲ್ಲ ಹಿಡಿದು ನನ್ನ ಮುಖವನ್ನು ಅತ್ತ ತಿರುಗಿಸಿದೆ.

ಮಳೆಗಾಲ ಕಳೆದ ಮೇಲೆ ಅದೇ ಜಾಗದಲ್ಲಿ ಸೊಂಪಾಗಿ ಬೆಳೆದ ಹುಲ್ಲು ತೋರಿಸಿ, ನೋಡಿದ್ಯಾ, ಒಂದಿಷ್ಟೂ ದಂಡ ಆಗ್ಲಿಲ್ಲ ಅಂತ ಬೀಗಿದೆ. ಅಪ್ಪ ಪೆಟ್ಟಿಗೆ ಹೊತ್ತು ಮನೆಯ ಮೆಟ್ಟಿಲಿಳಿದ ದಿನ, ಹೋಗಬೇಡ ಅನ್ನು ಅಂತ ನಿನ್ನ ಕೈ ಜಗ್ಗಿ ಅತ್ತೆ. ಆಗಲೂ ನಿನ್ನದು ಅದೇ ಮಾತು, ಮುಟ್ಬೇಡ, ನೋಡು. ನಿನ್ನನ್ನು ಕಂಡರೆ ನನಗೆ ದ್ವೇಷ ಅಮ್ಮ, ಮುಚ್ಚುಮರೆಯೇಕೆ? ಆದರೂ ಒಪ್ಪಬೇಕು, ನಿನ್ನಷ್ಟು ಚೆನ್ನಾಗಿ ನನಗೆ ಯಾರೂ ಏನನ್ನೂ ಕಲಿಸಲಿಲ್ಲ.

ಧೈರ್ಯವಾಗಿರು. ಕಿಟಕಿಯ ಪರದೆ ಎಳೆಸಬೇಡ, ಬೆಳಕು ಬರಲಿ.

ಇಂತಿ ನಿನ್ನ,
ಗುಬ್ಬಿ

ತಾ.ಕ.: ರಜೆ ಕೊಡುತ್ತಿಲ್ಲ ಎಂದದ್ದು ಸುಳ್ಳು. ಹೋದ ವಾರವೇ ಬಂದಿದ್ದೇನೆ. ನಿನ್ನ ಮನೆಯ ಎದುರು ಸಾಲಿನಲ್ಲಿ, ದರ್ಜಿ ಅಂಗಡಿಯ ಮೇಲಿನ ಕೋಣೆ ಬಾಡಿಗೆಗೆ ಸಿಕ್ಕಿತು. ನಿನ್ನ ಹಳೆಯ ದುರ್ಬೀನಿನಲ್ಲಿ ನಿನ್ನ ಹಾಸಿಗೆ ಚೆನ್ನಾಗಿ ಕಾಣುತ್ತದೆ. ನಿನ್ನೆ ಮಧ್ಯಾಹ್ನ ನೀನು ನೀರಿನ ಲೋಟಕ್ಕೆ ಕೈ ಚಾಚಿದೆ, ಎಟುಕಲಿಲ್ಲ. ಮತ್ತೆ ಚಾಚಿದೆ, ಲೋಟ ಉರುಳಿತು. ಆಮೇಲೆ ತಲೆಯೆತ್ತಿ ಕಿಟಕಿಯತ್ತ ಬಹಳ ಹೊತ್ತು ನೋಡಿದೆ. ಈ ಸಲ ನಾನು ಕಣ್ಣು ಮುಚ್ಚಿಕೊಳ್ಳಲಿಲ್ಲ, ಅಮ್ಮ.