ವಾಷಿಂಗ್ ಮೆಷಿನ್‌ಗೆ ಸಿಕ್ಕ ಮರ್ಯಾದೆ

ರೀ,

ಅಡುಗೆ ಫ್ರಿಜ್ಜಿನಲ್ಲಿದೆ, ಬಿಸಿ ಮಾಡ್ಕೊಳ್ಳಿ. ಬಟ್ಟೆ ಒಣಹಾಕಿ.

ಆ ಇಂಗ್ಲಿಷ್ ಸೀರಿಯಲ್‌ನಲ್ಲಿ ಅನ್ಯಗ್ರಹದವರು ಆಡೋ ಕ್ಲಿಂಗಾನ್ ಭಾಷೆ ಕಲೀತೀನಿ ಅಂತ ಮನೆಯ ಸಾಮಾನಿಗೆಲ್ಲ 'ನನ್ನ' ಅನ್ನೋ ಚೀಟಿ ಅಂಟಿಸಿದ್ದೀರಿ. ಕಲೀರಿ, ಬೇಡ ಅನ್ನಲ್ಲ. ಆದರೆ ಆ ಭಾಷೆಯಲ್ಲಿ ಮಾತು ಬರೋರಿಗೆ ಒಂದು 'ನನ್ನ', ಮಾತು ಬಾರದ ವಸ್ತುಗಳಿಗೆ ಬೇರೆ 'ನನ್ನ' ಅಂತ ನೀವೇ ಪಾಠ ಹೇಳಿದ್ರಲ್ಲ? 'ಬಾಗಿಲು ಮುಚ್ಚಿ' ಅನ್ನುತ್ತೆ ಅಂತ ವಾಷಿಂಗ್ ಮೆಷಿನ್‌ಗೆ ಮಾತು ಬರೋರ ಚೀಟಿ. ಮದುವೆ ಫೋಟೋದಲ್ಲಿ ನನ್ನ ಮುಖದ ಮೇಲೆ ಮಾತ್ರ ಪೊರಕೆಗೆ ಹಾಕಿದಂಥದೇ ಚೀಟಿ, ಮಾತು ಬಾರದ ವಸ್ತುಗಳದ್ದು! ಫೋಟೋ ಮಾತಾಡಲ್ಲ ಅನ್ನೋ ಸಬೂಬು ಬೇಡ.

ಭಾನುವಾರ ಜಗಳ ಆದಮೇಲೆ ಈ ಮನೇಲಿ ಮಾತು ಬಿಟ್ಟಿರೋದು ಯಾರು? ಮೆಷಿನ್ ಹತ್ರ 'ಆಯ್ತಮ್ಮ, ಮುಚ್ಚಿದೆ' ಅಂತೀರಿ. ನನ್ನ ಹತ್ರ ತುಟಿ ಪಿಟಕ್ ಅನ್ನಲ್ಲ.

ಗ್ಯಾಸ್ ಆಫ್ ಮಾಡೋದು ಮರೀಬೇಡಿ.

ಸಂಜೆ ನಾನು ಬಂದಾಗ ಬಾಗಿಲು ತೆಗೆದು ಏನಾದ್ರೂ ಮಾತಾಡಿ, ಯಾವ ಭಾಷೆಯಾದ್ರೂ ಸರಿ. ಇಲ್ಲಾಂದ್ರೆ ಆ ಪೊರಕೆಯ ಚೀಟಿ ಕಿತ್ತು ನಿಮ್ಮ ಬೆನ್ನಿಗೇ ಅಂಟಿಸ್ತೀನಿ. ಅದರಲ್ಲೂ 'ನನ್ನ' ಅಂತಲೇ ಬರೆದಿದೆ, ಏನ್ಮಾಡೋದು.