ಎಡಮೂಲೆಗೆ ಎಸೆಯದ ಬಿಲ್ಲೆ

ಐಸ್ ಹಾಕಿ ರಿಂಕ್‌ನ ಬಟ್ಟೆ ಬದಲಿಸುವ ಕೋಣೆ
ಭಾನುವಾರ, ಮಾರ್ಚ್ ೧೨

ಪ್ರೀತಿಯ ಅಕ್ಕಾ,

ಮೊಣಕಾಲಿನ ಊತ ಇಳಿಯಿತೇ? ನಿದ್ದೆ ಬರುತ್ತಿದೆಯೇ? ಆಸ್ಪತ್ರೆಯ ಸಪ್ಪೆ ಊಟಕ್ಕೆ ಮೂಗು ಮುರಿಯದೆ ತಿನ್ನು. ನರ್ಸಮ್ಮನ ಜೊತೆ ವಾದಕ್ಕೆ ಇಳಿಯಬೇಡ ಮಾರಾಯ್ತಿ, ಅವಳೇನು ರೆಫರಿ ಅಲ್ಲ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ, ಅದಕ್ಕೇ ಬರೆದಿದ್ದೇನೆ.

ಸೋತೆವು ಅಕ್ಕಾ. ಇವತ್ತು ಗೆದ್ದರೆ ಮಾತ್ರ ಮುಂದಿನ ವರ್ಷ ಹೆಂಗಸರ ತಂಡ ಉಳಿಯುತ್ತದೆ ಎಂದು ಕ್ಲಬ್ಬಿನವರು ಹೇಳಿದ್ದು ನಿನಗೆ ಗೊತ್ತೇ ಇದೆ. ಇನ್ನು ನಮ್ಮ ಅಭ್ಯಾಸದ ಹೊತ್ತೆಲ್ಲ ಗಂಡಸರ ತಂಡಕ್ಕೆ. ಗೋಲು ಕಾಯುವ ನಮ್ಮ ಬಾಗಿಲಮ್ಮ ಕಾಲಿನ ಪ್ಯಾಡು ಕೂಡ ಬಿಚ್ಚದೆ ಎದುರಿನ ಬೆಂಚಿನ ಮೇಲೆ ಕೂತುಬಿಟ್ಟಿದ್ದಾಳೆ. ಎಬ್ಬಿಸುವ ಧೈರ್ಯ ನನಗಿಲ್ಲ.

ಈಗ ನೀನು ಬೈಯುವ ವಿಷಯಕ್ಕೆ ಬರುತ್ತೇನೆ. ಎದುರಾಳಿಗಳ ಕಡೆಯ ನೀಲಿ ಗೆರೆಯ ಹತ್ತಿರ ಬಂದೊಡನೆ ಬಿಲ್ಲೆಯನ್ನು ಕೋಲಿನಿಂದ ಎಡಮೂಲೆಗೆ ಎಸೆಯುವುದು, ನೀನು ಎಲ್ಲರಿಗಿಂತ ಮೊದಲು ಅಲ್ಲಿಗೆ ಹಾರಿ ಅದನ್ನು ಗೋಲಿನ ಮುಂದಕ್ಕೆ ತರುವುದು, ಇದೇ ತಾನೇ ನಮ್ಮ ದಾಳಿ? "ಎಸೀರಿ ಕಣ್ರೇ, ನಾನು ತರ್ತೀನಿ" ಅನ್ನುತ್ತಿದ್ದೆ. ನೀನು ಬಿದ್ದ ಮೇಲೂ ಎಸೆಯುತ್ತಲೇ ಇದ್ದೆವು. ನಿನ್ನ ಜಾಗದಲ್ಲಿ ಆಡುವ ಪಿಟಿಪಿಟಿಗೆ, ಪಾಪ, ಬಾಯಿ ಓಡಿದಷ್ಟು ಕಾಲು ಓಡುವುದಿಲ್ಲ. ಅವಳು ಮೂಲೆ ಮುಟ್ಟುವಷ್ಟರಲ್ಲಿ ಬಿಲ್ಲೆ ಎದುರಾಳಿಗಳ ಕೈ ಸೇರಿರುತ್ತಿತ್ತು. ಬೇರೆ ಥರ ಆಡಿ ಎಂದು ಕೋಚ್ ಗಂಟಲು ಹರಿದುಕೊಂಡರು. ಯಾರು ಕೇಳಿದರು? "ಅಕ್ಕ ಬರೋವರೆಗೂ ಹೀಗೇ" ಎಂದು ಎಲ್ಲರೂ ಒಂದೇ ಹಟ. ಬಸ್ಸಿನ ಸೀಟಿಗೆ ಟವೆಲ್ ಹಾಕಿಟ್ಟ ಹಾಗೆ ನಿನ್ನ ಮೂಲೆಯನ್ನು ಕಾದಿಟ್ಟೆವು, ಪಂದ್ಯದ ಮೇಲೆ ಪಂದ್ಯ ಸೋತೆವು.

ಇವತ್ತೂ ಅದೇ ರಾಗ. ಕೊನೆಯ ಸುತ್ತಿಗೆ ಮುಂಚೆ ಮೂರು ಗೋಲು ಹಿಂದಿದ್ದೆವು. ಆಗ ಇದೇ ಕೋಣೆಯಲ್ಲಿ ನಾನು ಹೇಳಿದೆ: "ಇನ್ನು ಎಸೆಯೋದು ಬೇಡ. ಬಿಲ್ಲೆ ನಮ್ಮ ಹತ್ರಾನೇ ಇಟ್ಕೊಂಡು ಗೆರೆ ದಾಟೋಣ." ಬಾಗಿಲಮ್ಮ ನನ್ನ ಮುಖ ನೋಡಿ, "ಅಕ್ಕಂಗೆ ಏನು ಹೇಳ್ತೀಯಾ?" ಅಂದಳು. ನಾನು ಹೆಲ್ಮೆಟ್ ಹಾಕಿಕೊಂಡೆ.

ಅಯ್ಯೋ, ನೀನು ನೋಡಬೇಕಿತ್ತು. ಪಿಟಿಪಿಟಿಯ ಕೈಯಲ್ಲಿ ಅಂಥ ಜಾದೂ ಇದೆ ಎಂದು ಯಾರಿಗೆ ಗೊತ್ತಿತ್ತು? ನಾನು ಅವಳಿಗೆ, ಅವಳು ನನಗೆ, ಹೀಗೆ ಗೆರೆ ದಾಟಿ ನುಗ್ಗಿ ಎರಡು ಗೋಲು ಹೊಡೆದೆವು. ಮೂರನೆಯದು ಕಂಬಕ್ಕೆ ಬಡಿದು ಆಚೆ ಹೋಯಿತು, ಸಮಯ ಮುಗಿಯಿತು. "ಇದನ್ನ ಮೊದಲೇ ಆಡಿದ್ದಿದ್ರೆ" ಎಂದು ಶುರು ಮಾಡಿದ ಕೋಚ್ ಬಿದ್ದಿದ್ದ ಕೋಲುಗಳನ್ನು ಎತ್ತಿಡತೊಡಗಿದರು. ಇವತ್ತೇ ಯಾಕೆ ಬದಲಾಯಿಸಿದೆ ಎಂದು ನೀನು ಕೇಳದೆ ಬಿಡುವವಳಲ್ಲ.

ಪಕ್ಕದಲ್ಲಿರುವ ಅಮ್ಮನಿಗೆ ನಮಸ್ಕಾರ ಹೇಳು, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗು. ಹುಡುಗಿಯರೆಲ್ಲ ನಿನ್ನನ್ನು ಕೇಳಿದರು.

ನಿನ್ನ ತಂಗಿ,
ಕುಳ್ಳಿ

ಮರೆತ ಮಾತು: ಮರೆತಿದ್ದೆ ಅನ್ನುವುದು ಸುಳ್ಳು. ಇವತ್ತೇ ಯಾಕೆ ಎಂದರೆ, ನಿನ್ನೆ ಅಮ್ಮ ಆಸ್ಪತ್ರೆಯ ವರಾಂಡದಿಂದ ಫೋನ್ ಮಾಡಿ ಅತ್ತಳು. ನೀನು ನಡೆಯುತ್ತೀಯಂತೆ, ಆದರೆ ಐಸ್ ಮೇಲೆ ಇನ್ನು ಯಾವತ್ತೂ ಇಳಿಯುವ ಹಾಗಿಲ್ಲವಂತೆ. "ಅವಳಿಗೆ ಹೇಳ್ಬೇಡ ಕಣೇ" ಅಂದಳು. ಅಮ್ಮನ ಮೇಲೆ ಸಿಟ್ಟಾಗಬೇಡ. ಫೋನ್ ಮಾಡಿದಾಗಲೆಲ್ಲ "ನನ್ನ ಜಾಗ ಹಾಗೇ ಇದೆ ತಾನೇ?" ಎಂದು ಕೇಳುತ್ತಿದ್ದೆಯಲ್ಲ. ಇಲ್ಲ ಅಕ್ಕಾ. ಈಗ ಯಾರ ಜಾಗವೂ ಇಲ್ಲ.